ಹಾಕಿಯ ಅವಳಿಗಳು: ಮೇಜರ್ ಧ್ಯಾನ್ ಚಂದರ ಜೀವನ ಚರಿತ್ರೆ

ಮಕ್ಕಳಿಗೆ ಹೆಸರಿಡುವುದು ಹೆತ್ತವರ ಹಕ್ಕು. ಅಡ್ಡಹೆಸರಿಡುವುದಕ್ಕಾದರೋ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಹೋದ ಹಳೆಯ ವಿದ್ಯಾರ್ಥಿನಿಯರಿಗೆ ಈ ಮಾತನ್ನು ನಾವು ವಿವರಿಸಿ ಹೇಳಬೇಕಾದುದಿಲ್ಲ. ಹಾಜರಿ ಪುಸ್ತಕದಲ್ಲಿ ಬರೆದ ಹೆಸರು ಮರೆತುಹೋಗಿ, ಊಟದ ಮನೆಯಲ್ಲಿ ಗೆಳತಿಯರಿಟ್ಟ ಹೆಸರೊಂದೇ ನೆನಪಿನಲ್ಲುಳಿದು, ಮೊಮ್ಮಕ್ಕಳ ಎದುರಿನಲ್ಲಿಯೂ ಅದೇ ಹೆಸರಿನಿಂದ ಒಬ್ಬರನ್ನೊಬ್ಬರು ಕರೆದು ನಗುವವರು ಅವರಲ್ಲಿ ಅನೇಕರುಂಟು. ಇಂಥ ಹೆಸರು ಕೆಲವು ವೇಳೆ ನೋಯಿಸುತ್ತದೆ, ಕೆಲವು ವೇಳೆ ಮೆರೆಸುತ್ತದೆ. ಮೆರೆಸುವ ಹೆಸರಿನಲ್ಲಿಯೂ ಒಂದು ಅನ್ಯಾಯವು ಅಡಗಿರಬಹುದೆಂಬುದು ನಮಗೆ ಆಟದ ಬಯಲಿನಲ್ಲಿ ತಿಳಿದುಬಂದಿದೆ. ನಮ್ಮ ಹುಡುಗಿಯರು ತಾಲ್ಲೂಕಿನ ಪಂದ್ಯಗಳನ್ನು ಮುಗಿಸಿಕೊಂಡು ಬಂದೊಡನೆ, ಚಿಕ್ಕರಸಿನಕೆರೆಯ ಸುತ್ತಣ ಹಳ್ಳಿಗಳಿಂದ ಬಂದು ಕಾದಿರುವ ತಂದೆತಾಯಿಗಳು ಬಾಗಿಲಿನಲ್ಲಿ ಕೇಳುವ ಮೊದಲನೆಯ ಪ್ರಶ್ನೆ, ಗೋಲು ಹೊಡೆದವಳು ಯಾರ ಮಗಳು ಎಂಬುದೇ. ಆ ಗೋಲಿಗೆ ಚೆಂಡನ್ನು ಒದಗಿಸಿಕೊಟ್ಟವಳು ಯಾರೆಂದು ಕೇಳಿದವರನ್ನು ನಾವು ಈವರೆಗೆ ಕಂಡಿಲ್ಲ. ಹೊಡೆದವಳಿಗೆ ಆ ಸಂಜೆಯೇ ಒಂದು ಬಿರುದು ದೊರೆಯುತ್ತದೆ. ಒದಗಿಸಿದವಳು ಚೀಲವನ್ನು ಹೊತ್ತುಕೊಂಡು ಹಿಂದಿನಿಂದ ಬರುತ್ತಾಳೆ.

ಆದಕಾರಣ ಈ ಸ್ಮರಣ ಸಂಚಿಕೆಗಾಗಿ ಒಂದು ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ, ಬಿರುದು ಹೊತ್ತವರಲ್ಲಿ ನಮ್ಮ ದೇಶದ ಆಟಗಾರರಿಗೆಲ್ಲ ಅಗ್ರಗಣ್ಯರಾದ ಹಾಕಿ ಆಟದ ಮೇಜರ್ ಧ್ಯಾನ್ ಚಂದರನ್ನೇ ನಾವು ಆರಿಸಿಕೊಂಡೆವು. ಅವರ ಜೀವನವನ್ನು ಅವರಿಗೆ ಬಂದ ಹೆಸರುಗಳ ಮೂಲಕವೇ ಹೇಳಿಬಿಡಬಹುದು.

ಅವರು 1905ನೆಯ ಇಸವಿ ಆಗಸ್ಟ್ 29ರಂದು ಪ್ರಯಾಗದಲ್ಲಿ, ಅಂದರೆ ಅಲಹಾಬಾದಿನಲ್ಲಿ, ರಜಪೂತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಸಮೇಶ್ವರ ಸಿಂಗರು ಬ್ರಿಟಿಷರ ಸೈನ್ಯದಲ್ಲಿದ್ದವರು. ಅವರೂ ಸೈನ್ಯದಲ್ಲಿ ಹಾಕಿ ಆಡುತ್ತಿದ್ದರು. ಹೆತ್ತವರಿಟ್ಟ ಹೆಸರು ಧ್ಯಾನ್ ಸಿಂಗ್ ಎಂಬುದು. ಮೂಲ್ ಸಿಂಗ್, ರೂಪ್ ಸಿಂಗ್ ಎಂಬವರು ಸಹೋದರರು. ಇವರಲ್ಲಿ ರೂಪ್ ಸಿಂಗರು 1908ರಲ್ಲಿ ಹುಟ್ಟಿ ಅಣ್ಣನಿಗಿಂತ ಮೂರು ವರ್ಷ ಕಿರಿಯರಾಗಿದ್ದರು. ಸೈನಿಕನ ಮನೆಯೆಂದ ಮೇಲೆ ಊರಿಂದೂರಿಗೆ ವರ್ಗವಾಗುವುದು ತಪ್ಪಿದ್ದಲ್ಲ. ಹೀಗಾಗಿ ಧ್ಯಾನ್ ಸಿಂಗರ ಓದು ಆರು ವರ್ಷಗಳಿಗೇ ನಿಂತಿತು. ಕಡೆಗೆ ಕುಟುಂಬವು ಝಾನ್ಸಿಯಲ್ಲಿ ನೆಲಸಿತು. ಬಾಲ್ಯದಲ್ಲಿ ಅವರಿಗೆ ಕುಸ್ತಿಯಲ್ಲಿ ಆಸೆಯಿತ್ತೇ ಹೊರತು ಹಾಕಿಯಲ್ಲಿ ಹೇಳಿಕೊಳ್ಳುವಂಥ ಆಸಕ್ತಿಯಿರಲಿಲ್ಲ. ಮಹಾಪುರುಷರ ಲಕ್ಷಣವೆಲ್ಲ ತೊಟ್ಟಿಲಲ್ಲೇ ಕಾಣಬೇಕೆಂದು ಎಣಿಸುವ ತಂದೆತಾಯಿಗಳು ಇದನ್ನು ಗಮನಿಸುವುದು ಒಳ್ಳೆಯದು.

1922ರಲ್ಲಿ ಅವರು ಬ್ರಾಹ್ಮಣ ರೆಜಿಮೆಂಟಿನಲ್ಲಿ ಸಾಧಾರಣ ಸಿಪಾಯಿಯಾಗಿ ಸೇರಿದರು. ಅಲ್ಲಿ ಸುಬೇದಾರ್ ಮೇಜರ್ ತಿವಾರಿಯವರೆಂಬವರು ಹೊಸ ಹುಡುಗನ ಕೈಗೆ ಹಾಕಿ ಕೋಲನ್ನು ಕೊಟ್ಟು, ಆಟದ ಮೊದಲ ಪಾಠಗಳನ್ನು ಹೇಳಿದರು. ಸಿಪಾಯಿಗೆ ಹಗಲೆಲ್ಲ ಕವಾಯತು, ಪಹರೆ. ಆಟದ ಅಭ್ಯಾಸಕ್ಕೆ ಉಳಿಯುತ್ತಿದ್ದುದು ರಾತ್ರಿಯ ವೇಳೆ ಮಾತ್ರ. ಮೈದಾನಕ್ಕೆ ದೀಪಗಳಿಲ್ಲದ ಕಾಲ ಅದು. ಚಂದ್ರೋದಯವಾಗುವವರೆಗೆ ಕಾದಿದ್ದು, ಬೆಳದಿಂಗಳಿನಲ್ಲಿ ಒಬ್ಬರೇ ಚೆಂಡನ್ನು ಉರುಳಿಸುತ್ತಿದ್ದರಂತೆ. ಇದನ್ನು ಕಂಡ ಜೊತೆಗಾರರು ಅವರನ್ನು ಚಂದ್ ಎಂದು ಕರೆಯತೊಡಗಿದರು. ಹಿಂದಿಯಲ್ಲಿ ಹಾಗೆಂದರೆ ಚಂದ್ರನು. ಸಿಂಗ್ ಹೋಗಿ ಚಂದ್ ನಿಂತಿತು. ಹೆತ್ತವರಿಟ್ಟ ಹೆಸರನ್ನು ಗೆಳೆಯರಿಟ್ಟ ಹೆಸರು ನುಂಗಿಹಾಕಿತು. ಅವರಿಗೆ ಬಂದ ಹೆಸರುಗಳಲ್ಲೆಲ್ಲ ಇದೇ ಅತ್ಯಂತ ಯೋಗ್ಯವಾದುದೆಂದು ನಮ್ಮ ಅಭಿಪ್ರಾಯ. ಏಕೆಂದರೆ ಇದು ಗೆದ್ದುದಕ್ಕಾಗಿ ಬಂದ ಹೆಸರಲ್ಲ, ದುಡಿದುದಕ್ಕಾಗಿ ಬಂದ ಹೆಸರು.

ಎರಡನೆಯ ಹೆಸರು ಬಂದುದು ಬೇರೆ ರೀತಿಯಲ್ಲಿ. ಝೀಲಂ ಎಂಬ ಊರಿನಲ್ಲಿ ಪಂಜಾಬಿನ ಕಾಲಾಳುಪಡೆಗಳ ಪಂದ್ಯಾವಳಿ ನಡೆದಾಗ, ಕೊನೆಯ ಪಂದ್ಯದಲ್ಲಿ ಅವರ ಪಕ್ಷವು ಎರಡು ಗೋಲುಗಳಿಂದ ಹಿಂದಾಗಿತ್ತು. ಆಟ ಮುಗಿಯಲು ನಾಲ್ಕು ನಿಮಿಷ ಮಾತ್ರ ಉಳಿದಿತ್ತು. ಆ ನಾಲ್ಕು ನಿಮಿಷಗಳಲ್ಲಿ ಧ್ಯಾನ್ ಚಂದರು ಮೂರು ಗೋಲುಗಳನ್ನು ಹೊಡೆದು ಪಂದ್ಯವನ್ನು ಗೆದ್ದುಕೊಟ್ಟರೆಂದು ಹೇಳುವರು. ಅಂದಿನಿಂದ ಅವರು ಹಾಕಿಯ ಮಾಂತ್ರಿಕರಾದರು. ಈ ಹೆಸರು ಸಮುದ್ರವನ್ನೂ ದಾಟಿ ಹೋಯಿತು. ಆದರೆ ಮಾಂತ್ರಿಕನೆಂಬ ಹೆಸರು ಬಂದ ಮೇಲೆ ಮಾಟದ ಕಥೆಗಳೂ ಹುಟ್ಟದಿರವು. ಕೋಲಿನೊಳಗೆ ಅಯಸ್ಕಾಂತವಿರಬಹುದೆಂದು ಹಾಲೆಂಡಿನಲ್ಲಿ ಅದನ್ನು ಮುರಿದು ನೋಡಿದರೆಂದೂ, ವಿಯೆನ್ನಾ ನಗರದಲ್ಲಿ ಅವರಿಗೆ ನಾಲ್ಕು ಕೈಗಳ ವಿಗ್ರಹವನ್ನು ನಿಲ್ಲಿಸಿದರೆಂದೂ ಹೇಳುವ ಕಥೆಗಳನ್ನು ನಮ್ಮ ಹುಡುಗಿಯರು ಪ್ರತಿವರ್ಷವೂ ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ. ಅಂಥ ವಿಗ್ರಹವು ವಿಯೆನ್ನಾದಲ್ಲಿ ಇಲ್ಲ. ಬೆಳದಿಂಗಳಿನಲ್ಲಿ ದುಡಿದವನ ಬೆವರಿಗೆ ಅಯಸ್ಕಾಂತದ ಕಥೆಯು ಗೌರವವಲ್ಲವೆಂದು ನಮಗೆ ತೋರುತ್ತದೆ.

ಹಾಗಾದರೆ ಅವರ ಆಟದ ಗುಟ್ಟೇನು? ಇದನ್ನು ಆಟವಾಡದ ತಾಯಂದಿರಿಗೂ ತಿಳಿಯುವಂತೆ ಹೇಳಲು ಯತ್ನಿಸುವೆವು. ಆ ಕಾಲದ ಹಾಕಿಯಲ್ಲಿ ಹನ್ನೊಂದು ಮಂದಿಯ ಪೈಕಿ ಐವರು ಮುಂಚೂಣಿಯವರು. ಬಲತುದಿಯಲ್ಲಿ ಒಬ್ಬರು, ಅವರ ಒಳಗೆ ಇನ್ನೊಬ್ಬರು, ನಡುವೆ ಸೆಂಟರ್ ಫಾರ್ವರ್ಡ್, ಎಡದ ಒಳಗೊಬ್ಬರು, ಎಡತುದಿಗೊಬ್ಬರು. ಧ್ಯಾನ್ ಚಂದರ ಸ್ಥಾನವು ನಟ್ಟನಡುವೆ. ಚೆಂಡು ಅವರ ಕೋಲಿಗೆ ಅಂಟಿಕೊಂಡಂತೆ ಸಾಗುವುದನ್ನು ಕಂಡ ಎದುರು ಪಕ್ಷದ ರಕ್ಷಕರಿಬ್ಬರೂ ಅವರ ಮೇಲೆಯೇ ಬೀಳುವರು. ಅವರು ಬಂದು ಮುಟ್ಟುವ ಕ್ಷಣದಲ್ಲಿ ಚೆಂಡು ಅಲ್ಲಿರುವುದಿಲ್ಲ. ತೆರವಾದ ಜಾಗಕ್ಕೆ ಓಡಿಬಂದ ಒಳಗಿನವನ ಮುಂದೆ ಅದು ಬಿದ್ದಿರುತ್ತದೆ. ಅಂದಿನ ಆಫ್‌ಸೈಡ್ ನಿಯಮವೂ ಕಠಿಣವಾಗಿತ್ತು. ಎದುರು ಪಕ್ಷದ ಮೂವರಾದರೂ ತನಗೂ ಗೋಲಿನ ಗೆರೆಗೂ ನಡುವೆ ಇಲ್ಲದಿರುವಾಗ, ತನ್ನವರು ಕೊಟ್ಟ ಚೆಂಡನ್ನು ಮುಂದೆ ನಿಂತವನು ಪಡೆಯುವಂತಿರಲಿಲ್ಲ. ಒಂದು ಕ್ಷಣ ತಡವಾದರೆ ಶಿಳ್ಳೆ, ಒಂದು ಕ್ಷಣ ಮೊದಲಾದರೆ ಚೆಂಡು ವ್ಯರ್ಥ. ಹೀಗಾಗಿ ಅವರ ವಿದ್ಯೆಯ ಅರ್ಧ ಭಾಗವು ಹೊಡೆಯುವುದರಲ್ಲಿದ್ದರೆ, ಉಳಿದರ್ಧವು ಸಮಯವರಿತು ಕೊಡುವುದರಲ್ಲಿತ್ತು. ಕೊಡುವುದಕ್ಕೆ ತೆಗೆದುಕೊಳ್ಳುವವನೂ ಬೇಕು. ಅವನು ಓಡಿ ಬರುವನೆಂಬ ನಂಬಿಕೆಯೂ ಬೇಕು.

1926ರಲ್ಲಿ ಭಾರತದ ಸೈನ್ಯದ ತಂಡವು ನ್ಯೂಜಿಲೆಂಡಿಗೆ ಹೋಯಿತು. ಆಡಿದ 21 ಪಂದ್ಯಗಳಲ್ಲಿ 18ನ್ನು ಗೆದ್ದು, ಎರಡನ್ನು ಸಮಮಾಡಿ, ಒಂದನ್ನು ಮಾತ್ರ ಸೋತಿತು. ತಂಡದ 192 ಗೋಲುಗಳಲ್ಲಿ ನೂರಕ್ಕೆ ಮಿಗಿಲಾದವು ಧ್ಯಾನ್ ಚಂದರವು. ಮರಳಿ ಬಂದ ಮೇಲೆ ಸಿಪಾಯಿಯು ಲ್ಯಾನ್ಸ್ ನಾಯಕನಾದನು. ಅಷ್ಟು ಗೋಲುಗಳಿಗೆ ಒಂದು ಪಟ್ಟಿ.

1928ರಲ್ಲಿ ಆಂಸ್ಟರ್‌ಡ್ಯಾಂ ನಗರದ ಒಲಿಂಪಿಕ್ ಕೂಟಕ್ಕೆ ಭಾರತದ ಹಾಕಿ ತಂಡವು ಮೊದಲನೆಯ ಸಾರಿ ಹೊರಟಿತು. ಮುಂಬಯಿಯ ಬಂದರಿನಲ್ಲಿ ಬೀಳ್ಕೊಡಲು ಬಂದವರು ಮೂವರೇ ಮಂದಿ. ಆ ತಂಡದ ನಾಯಕರು ಜೈಪಾಲ್ ಸಿಂಗರು. ಛೋಟಾ ನಾಗಪುರದ ಮುಂಡಾ ಜನಾಂಗದಲ್ಲಿ ಹುಟ್ಟಿ, ರಾಂಚಿಯ ಮಿಷನ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋದವರು. ತಂಡವು ಆಸ್ಟ್ರಿಯಾ, ಬೆಲ್ಜಿಯಂ, ಡೆನ್ಮಾರ್ಕ್, ಸ್ವಿಜರ್ಲೆಂಡ್ ದೇಶಗಳನ್ನು ಸೋಲಿಸಿ ಕೊನೆಯ ಪಂದ್ಯಕ್ಕೆ ಬರುವ ಹೊತ್ತಿಗೆ ನಾಯಕರೇ ಅದರಲ್ಲಿರಲಿಲ್ಲ. ಮುಂಚೂಣಿಯ ಫಿರೋಜ್ ಖಾನರೂ ಆಡುವ ಸ್ಥಿತಿಯಲ್ಲಿರಲಿಲ್ಲ. ಧ್ಯಾನ್ ಚಂದರಿಗೆ ಜ್ವರ. ಹಾಗಿದ್ದೂ ಮೇ 26ರಂದು ಆತಿಥೇಯರಾದ ಹಾಲೆಂಡಿನವರನ್ನು 3–0ರಿಂದ ಗೆದ್ದರು. ಐದು ಪಂದ್ಯಗಳಲ್ಲಿ ಭಾರತವು ಹೊಡೆದುದು 29 ಗೋಲು, ಬಿಟ್ಟುಕೊಟ್ಟುದು ಒಂದೂ ಇಲ್ಲ. ಧ್ಯಾನ್ ಚಂದರ ಪಾಲು 14. ಗೋಲಿನ ಬಾಯಲ್ಲಿ ನಿಂತು ಒಂದು ಚೆಂಡನ್ನೂ ಒಳಗೆ ಬಿಡದ ರಿಚರ್ಡ್ ಅಲೆನ್ನರ ಹೆಸರನ್ನು ಇಂದು ಎಷ್ಟು ಮಂದಿ ಬಲ್ಲರು? ಮರಳುವಾಗ ಬಂದರಿನಲ್ಲಿ ಜನಜಂಗುಳಿ ನೆರೆದಿತ್ತೆಂಬುದನ್ನು ಹೇಳಬೇಕಾದುದೇ ಇಲ್ಲ.

ಇನ್ನು 1932ರ ಲಾಸ್ ಏಂಜಲಿಸ್ ಕೂಟ. ಪ್ರಾಂತಗಳ ಪಂದ್ಯಗಳಲ್ಲಿ ಆಡಲು ಧ್ಯಾನ್ ಚಂದರಿಗೆ ಪಲ್ಟನ್ನಿನಿಂದ ರಜೆ ದೊರೆಯಲಿಲ್ಲ. ಆದರೂ ಹಾಕಿ ಸಂಸ್ಥೆಯವರು ಪರೀಕ್ಷೆಯಿಲ್ಲದೆಯೇ ಅವರನ್ನು ಆರಿಸಿದರು. ತಮ್ಮನಾದ ರೂಪ್ ಸಿಂಗರು ಪಂದ್ಯಗಳಲ್ಲಿ ಆಡಿ ತೋರಿಸಿಯೇ ಸ್ಥಾನವನ್ನು ಗಳಿಸಿಕೊಂಡರು. ದೂರದೇಶಕ್ಕೆ ತಕ್ಕ ಬಟ್ಟೆಯಿಲ್ಲವೆಂದು ತಮ್ಮನು ಹಿಂಜರಿದಾಗ ಅಣ್ಣನೇ ಹೊಲಿಸಿಕೊಟ್ಟನೆಂದು ಹೇಳುವರು. ಇಂಥ ಅಣ್ಣತಮ್ಮಂದಿರು ನಮ್ಮ ಹಳ್ಳಿಗಳಲ್ಲಿಯೂ ಇಲ್ಲದಿಲ್ಲ. ಆ ಕೂಟದಲ್ಲಿ ಹಾಕಿಗೆ ಬಂದವು ಮೂರೇ ದೇಶಗಳು. ಭಾರತವು ಜಪಾನನ್ನು 11–1ರಿಂದಲೂ ಅಮೇರಿಕಾವನ್ನು 24–1ರಿಂದಲೂ ಗೆದ್ದಿತು. ಅಮೇರಿಕಾದ ಮೇಲೆ ರೂಪ್ ಸಿಂಗರು ಹತ್ತು, ಧ್ಯಾನ್ ಚಂದರು ಎಂಟು. ಒಟ್ಟು 35 ಗೋಲುಗಳಲ್ಲಿ 25 ಅಣ್ಣತಮ್ಮಂದಿರವೇ. ಅದರಲ್ಲಿಯೂ ತಮ್ಮನದು ಹದಿಮೂರು, ಅಣ್ಣನದು ಹನ್ನೆರಡು. ಆಗ ಬಂದುದು ಹಾಕಿಯ ಅವಳಿಗಳು ಎಂಬ ಹೆಸರು. ಮೂರು ವರ್ಷ ಅಂತರವಿದ್ದವರನ್ನು ಅವಳಿಗಳೆಂದರಲ್ಲಾ ಎಂದು ಯಾರೂ ಆಕ್ಷೇಪಿಸಲಿಲ್ಲ. ನಡುವಿನವನು ಕೊಟ್ಟುದನ್ನು ಎಡದ ಒಳಗಿನವನು ನೋಡದೆಯೇ ಬಲ್ಲನೆಂಬುದನ್ನು ಆ ಹೆಸರು ಒಂದೇ ಮಾತಿನಲ್ಲಿ ತಿಳಿಸಿತು.

ಇಲ್ಲಿ ನಾವು ಸ್ವಲ್ಪ ದಾರಿ ಬಿಟ್ಟು ಹೋಗಬೇಕಾಗಿದೆ. ಒಬ್ಬನಿಗಲ್ಲದೆ ಒಂದು ಸಾಲಿಗೇ ಹೆಸರಿಡುವ ಪದ್ಧತಿಯು ಬೇರೆ ಒಂದು ಹಾಕಿಯಲ್ಲಿ ಆಗಲೇ ಬೇರೂರಿತ್ತು. ಕೆನಡಾ ದೇಶದಲ್ಲಿ ಚಳಿಗಾಲವೆಲ್ಲ ನೀರು ಹೆಪ್ಪುಗಟ್ಟಿರುವುದರಿಂದ, ಅಲ್ಲಿನವರು ಬೂಟಿನ ಕೆಳಗೆ ಉಕ್ಕಿನ ಅಲಗನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯನ್ನು ಹೊಡೆಯುವರು. ಇದು ಐಸ್ ಹಾಕಿ. ಅದರಲ್ಲಿ ಮುಂಚೂಣಿಯವರು ಮೂವರೇ. ಮೂವರೂ ಒಟ್ಟಿಗೇ ಕಣಕ್ಕಿಳಿದು, ದಣಿದಾಗ ಒಟ್ಟಿಗೇ ಹೊರಬರುವುದು ವಾಡಿಕೆ. ಅವರ ಲೆಕ್ಕದ ಪುಸ್ತಕದಲ್ಲಿ ಒಂದು ವಿಶೇಷವಿದೆ. ಗೋಲು ಹೊಡೆದವನ ಹೆಸರಿನ ಜೊತೆಗೆ, ಅವನಿಗೆ ಬಿಲ್ಲೆಯನ್ನು ಒದಗಿಸಿದವನ ಹೆಸರನ್ನೂ, ಅವನಿಗೂ ಹಿಂದೆ ಒದಗಿಸಿದ ಇನ್ನೊಬ್ಬನ ಹೆಸರನ್ನೂ ನೆರವು ಎಂಬ ಕಲಮಿನಲ್ಲಿ ಬರೆಯುತ್ತಾರೆ. ಗೋಲಿಗೂ ನೆರವಿಗೂ ಒಂದೊಂದೇ ಅಂಕ. ಕೊಟ್ಟವನಿಗೂ ಲೆಕ್ಕದಲ್ಲಿ ಪಾಲಿದ್ದುದರಿಂದಲೇ ಹೆಸರಿನಲ್ಲಿಯೂ ಪಾಲು ಬಂದಿತೆಂದು ನಾವು ತಿಳಿಯುತ್ತೇವೆ.

ನಮ್ಮವರು ಲಾಸ್ ಏಂಜಲಿಸಿನಲ್ಲಿ ಗೆದ್ದ ಆ 1932ನೆಯ ವರ್ಷವೇ ಟೊರಾಂಟೋ ನಗರದ ತಂಡವು ಅಲ್ಲಿನ ಪ್ರಸಿದ್ಧವಾದ ಸ್ಟಾನ್ಲಿ ಕಪ್ಪನ್ನು ಗೆದ್ದಿತು. ಅದರ ಮುಂಚೂಣಿಯ ಮೂವರೂ ಎಳೆಯರಾದ್ದರಿಂದ ಅವರ ಸಾಲಿಗೆ ಕಿಡ್ ಲೈನ್, ಎಂದರೆ ಹುಡುಗರ ಸಾಲು, ಎಂದು ಹೆಸರಾಗಿತ್ತು. ನಡುವಿನ ಜೋ ಪ್ರಿಮೋ ಆ ಋತುವಿನಲ್ಲಿ ಹೊಡೆದ ಗೋಲು 13 ಮಾತ್ರ, ಕೊಟ್ಟ ನೆರವು 37. ಆ ಲೆಕ್ಕದಿಂದಾಗಿ ಅವನು ಇಡೀ ಲೀಗಿನಲ್ಲಿ ಎರಡನೆಯವನಾದನು. ಮೊದಲನೆಯವನು ಅವನ ಪಕ್ಕದಲ್ಲೇ ಆಡಿದ ಬಶರ್ ಜಾಕ್ಸನ್. ಮುಂದೆ ಮೋಟಾರು ಕಾರುಗಳ ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ತಂಡದ ಮೂವರನ್ನು ಪ್ರೊಡಕ್ಷನ್ ಲೈನ್ ಎಂದರು. ಕಾರ್ಖಾನೆಯಲ್ಲಿ ಕಾರುಗಳು ಸಾಲಾಗಿ ಹೊರಬರುವಂತೆ ಇವರಿಂದ ಗೋಲುಗಳು ಹೊರಬರುವವೆಂಬ ಭಾವ. ಊರಿನ ಕಸುಬನ್ನು ಆಟಗಾರರ ಹೆಸರಿಗೆ ಹೊಂದಿಸಿದ ಈ ಜಾಣ್ಮೆಯನ್ನು ಕಂಡು, ನಮ್ಮ ಮದ್ದೂರು ಮಂಡ್ಯದ ಕಡೆ ಅಂಥ ತಂಡವಿದ್ದಿದ್ದರೆ ಆಲೆಮನೆಯ ಹೆಸರೇ ಅದಕ್ಕೆ ಬರುತ್ತಿತ್ತೇನೋ ಎಂದು ನಮಗೆ ನಗೆ ಬಂದಿತು.

ಹೆಸರು ನೋಯಿಸಿದ್ದೂ ಉಂಟು. ಬಾಸ್ಟನ್ ತಂಡದ ಮೂವರು, ಕೆನಡಾದ ಕಿಚನರ್ ಎಂಬ ಊರಿನವರು, ಜರ್ಮನ್ ವಂಶದವರು. ಆ ಊರಿಗೆ 1916ರವರೆಗೆ ಬರ್ಲಿನ್ ಎಂದೇ ಹೆಸರಿತ್ತು. ಜರ್ಮನಿಯೊಡನೆ ಯುದ್ಧ ಬಂದುದರಿಂದ ಊರೇ ಹೆಸರನ್ನು ಬದಲಾಯಿಸಿಕೊಂಡಿತು. ಈ ಮೂವರ ಸಾಲನ್ನು ಕ್ರೌಟ್ ಲೈನ್ ಎಂದು ಕರೆದರು. ಜರ್ಮನರು ತಿನ್ನುವ ಕೋಸಿನ ಉಪ್ಪಿನಕಾಯಿಯ ಹೆಸರದು, ಜರ್ಮನರನ್ನು ಹಳಿಯುವ ಮಾತೂ ಹೌದು. 1939–40ರಲ್ಲಿ ಲೀಗಿನ ಅಂಕಗಳ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನಗಳೂ ಇವರವೇ. 1942ರಲ್ಲಿ ಮೂವರೂ ಒಟ್ಟಿಗೇ ಕೆನಡಾದ ವಿಮಾನದಳಕ್ಕೆ ಸೇರಿದರು. ಹೊರಡುವ ಮುನ್ನ ಆಡಿದ ಕೊನೆಯ ಪಂದ್ಯವು ಮುಗಿದೊಡನೆ, ಸ್ವಪಕ್ಷದವರು ಮಾತ್ರವಲ್ಲದೆ ಸೋತ ಎದುರು ಪಕ್ಷದವರೂ ಸೇರಿ ಅವರನ್ನು ಹೆಗಲ ಮೇಲೆ ಹೊತ್ತು ಮಂಜುಗಡ್ಡೆಯಿಂದಾಚೆಗೆ ತಂದರು. ಹಳಿಯುವ ಹೆಸರನ್ನು ಮೂವರು ಕೂಡಿ ಹೊತ್ತರೆ ಅದರ ಭಾರವು ಹೀಗೂ ಇಳಿಯಬಹುದು.

ಈಗ ನಿಜವಾದ ಬರ್ಲಿನ್ನಿಗೆ ಬರೋಣ. 1936ರ ಒಲಿಂಪಿಕ್ ಕೂಟಕ್ಕೆ ಧ್ಯಾನ್ ಚಂದರೇ ನಾಯಕರು. ಅದಕ್ಕೆ ಹಿಂದಿನ ವರ್ಷ ನ್ಯೂಜಿಲೆಂಡ್ ಆಸ್ಟ್ರೇಲಿಯಾ ಪ್ರವಾಸದಲ್ಲಿ ತಂಡವು 48 ಪಂದ್ಯಗಳನ್ನು ಆಡಿ 584 ಗೋಲುಗಳನ್ನು ಹೊಡೆದಿತ್ತು, ಅವರೊಬ್ಬರವೇ 201. ಅಡಿಲೇಡಿನಲ್ಲಿ ಕ್ರಿಕೆಟ್ಟಿನ ಬ್ರಾಡ್ಮನ್ನರ ಭೇಟಿಯೂ ಆಯಿತು. ಇಂಥವರು ಬರ್ಲಿನ್ನಿಗೆ ಕಾಲಿಟ್ಟೊಡನೆ ಜುಲೈ 17ರಂದು ಅಭ್ಯಾಸದ ಪಂದ್ಯದಲ್ಲಿ ಜರ್ಮನಿಗೆ 4–1ರಿಂದ ಸೋತರು. ಆ ರಾತ್ರಿ ತಮಗೆ ನಿದ್ದೆ ಬರಲಿಲ್ಲವೆಂದೂ, ಕೆಲವರು ಊಟವನ್ನೇ ಮಾಡಲಿಲ್ಲವೆಂದೂ ಧ್ಯಾನ್ ಚಂದರು ಮುಂದೆ ತಮ್ಮ ಆತ್ಮಚರಿತ್ರೆಯಲ್ಲಿ ಬರೆದರು. ಮಾಂತ್ರಿಕನು ಏನು ಮಾಡಿದನು? ತಾನೊಬ್ಬನೇ ಸಾಕೆನ್ನಲಿಲ್ಲ. ಬಲದ ಒಳಗಿನ ಸ್ಥಾನವು ದುರ್ಬಲವಾಗಿದೆಯೆಂದು ಕಂಡು, ದಾರಾ ಎಂಬ ಆಟಗಾರರನ್ನು ಕೂಡಲೇ ಕಳುಹಿಸಬೇಕೆಂದು ದೇಶಕ್ಕೆ ತಂತಿ ಹೋಯಿತು. ಆಲಿ ಇಕ್ತಿದಾರ್ ಶಾ ದಾರಾ ಅವರು ವಿಮಾನದಲ್ಲಿ ಬಂದು ಫ್ರಾನ್ಸಿನ ಮೇಲಣ ಉಪಾಂತ್ಯ ಪಂದ್ಯಕ್ಕೆ ಸರಿಯಾಗಿ ಸೇರಿಕೊಂಡರು. ಅದನ್ನು 10–0ರಿಂದ ಗೆದ್ದರು.

ಕೊನೆಯ ಪಂದ್ಯವು ಆಗಸ್ಟ್ 14ರಂದು ನಡೆಯತಕ್ಕದ್ದು, ಮಳೆಯ ನಿಮಿತ್ತ 15ಕ್ಕೆ ಹೋಯಿತು. ಹನ್ನೊಂದು ವರ್ಷಗಳ ಮೇಲೆ ಅದೇ ದಿನವು ನಮ್ಮ ದೇಶಕ್ಕೆ ಏನಾಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಬಟ್ಟೆ ಬದಲಾಯಿಸುವ ಕೊಠಡಿಯಲ್ಲಿ ತಂಡದ ಸಹಾಯಕ ವ್ಯವಸ್ಥಾಪಕರಾದ ಪಂಕಜ್ ಗುಪ್ತರು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಬ್ರಿಟಿಷ್ ಸರ್ಕಾರದ ಸೈನಿಕರೂ ಇದ್ದ ಆ ತಂಡವು ಅದಕ್ಕೆ ವಂದಿಸಿ ಮೈದಾನಕ್ಕಿಳಿಯಿತು. ಮುಂಚೂಣಿಯಲ್ಲಿ ಬಲದಿಂದ ಎಡಕ್ಕೆ ಶಹಾಬುದ್ದೀನ್, ದಾರಾ, ಧ್ಯಾನ್ ಚಂದ್, ರೂಪ್ ಸಿಂಗ್, ಜಾಫರ್. ನೆಲ ನೆನೆದಿತ್ತು. ಅರ್ಧ ಸಮಯದವರೆಗೆ ಒಂದೇ ಗೋಲು, ಅದೂ ರೂಪ್ ಸಿಂಗರದು. ಎರಡನೆಯ ಅರ್ಧದಲ್ಲಿ ಧ್ಯಾನ್ ಚಂದರು ಮೊಳೆಯ ಬೂಟನ್ನೂ ಕಾಲುಚೀಲವನ್ನೂ ಕಳಚಿಟ್ಟು ಆಡಿದರು. ಮತ್ತೆ ಏಳು ಗೋಲುಗಳಾದವು. 8–1. ಆ ಕೂಟದಲ್ಲೆಲ್ಲ ಭಾರತದ ಮೇಲೆ ಬಿದ್ದ ಗೋಲು ಅದೊಂದೇ; ಭಾರತವು ಹೊಡೆದವು 38.

ಆ ಐವರ ಸಾಲಿಗೆ ಮಾತ್ರ ಯಾರೂ ಒಂದು ಹೆಸರಿಡಲಿಲ್ಲ. ಇಟ್ಟಿದ್ದರೆ ಚೆನ್ನಾಗಿತ್ತೆಂದು ನಮಗೆ ತೋರುತ್ತದೆ. ಏಕೆಂದರೆ ಸಾಲು ಬೇಗನೆ ಚದುರಿಹೋಯಿತು. ಜಾಫರರು ಮರುವರ್ಷವೇ ನೀರಿನಲ್ಲಿ ಮುಳುಗಿ ತೀರಿಕೊಂಡರು. ದೇಶವು ಎರಡಾದ ಮೇಲೆ ದಾರಾ ಅವರು 1948ರ ಲಂಡನ್ ಕೂಟದಲ್ಲಿ ಪಾಕಿಸ್ತಾನದ ತಂಡಕ್ಕೆ ನಾಯಕರಾದರು. ಆಂಸ್ಟರ್‌ಡ್ಯಾಂನ ಫಿರೋಜ್ ಖಾನರೂ ಆ ಕಡೆಗೇ ಸೇರಿದರು. ಮಾಂತ್ರಿಕನ ಹೆಸರು ಉಳಿಯಿತು. ಅವನು ಚೆಂಡನ್ನು ಕೊಟ್ಟ ಕೈಗಳು ಬೇರೆ ಬೇರೆ ದೇಶಗಳ ಲೆಕ್ಕಕ್ಕೆ ಸೇರಿದವು.

ಐವರಿಗೆ ಕೂಡಿಯೇ ಹೆಸರು ಬಂದ ಭಾಗ್ಯವು ನಮ್ಮ ನಾಡಿನವರೊಬ್ಬರ ಪಾಲಿಗಿತ್ತು, ಆದರೆ ಹಾಕಿಯಲ್ಲಲ್ಲ, ಕಾಲ್ಚೆಂಡಿನಲ್ಲಿ. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದ ಅಹಮದ್ ಖಾನರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಹೋದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಎಂಬವರೊಡನೆ ಅವರು ಸೇರಿದ ಮುಂಚೂಣಿಯನ್ನು ವಂಗದೇಶದವರು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದೇಶದವರು, ಹೆಸರಿಟ್ಟವರು ಬಂಗಾಳಿಗಳು. ಐವರಲ್ಲಿ ಅರ್ಜುನನು ಯಾರು, ನಕುಲನು ಯಾರು ಎಂದು ಯಾರೂ ವಿಂಗಡಿಸಲಿಲ್ಲ. ಅಹಮದ್ ಖಾನರು ಪಾಂಡವರಾಗುವುದು ಹೇಗೆಂದು ಯಾರೂ ಕೇಳಲೂ ಇಲ್ಲ. ಆ ಕ್ಲಬ್ಬು 1949, 1950, 1951ರಲ್ಲಿ ಸತತವಾಗಿ ಮೂರು ಸಾರಿ ಐ. ಎಫ್. ಎ. ಷೀಲ್ಡನ್ನು ಗೆದ್ದಿತು. ಅಹಮದ್ ಖಾನರು 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ನಮ್ಮ ಹುಡುಗಿಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಎಲ್ವೆರಾ, ರೀಟಾ, ಮೇ ಎಂಬ ಮೂವರು ಅಕ್ಕತಂಗಿಯರು 1960ರ ದಶಕದಲ್ಲಿ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡದಲ್ಲಿ ಕೂಡಿ ಆಡಿದರು. ಬ್ರಿಟ್ಟೋ ಸಹೋದರಿಯರೆಂದರೆ ಆ ಕಾಲದಲ್ಲಿ ದೇಶವೆಲ್ಲ ಬಲ್ಲುದು. 1960ರಿಂದ 1967ರೊಳಗೆ ಆ ತಂಡವು ಏಳು ಸಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಎಲ್ವೆರಾ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಅವರು 2022ರಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳು ಕೋಲು ಹಿಡಿದು ಬಯಲಿನಲ್ಲಿ ಓಡುವುದನ್ನು ಇಂದಿಗೂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುವ ಪೋಷಕರು ಕೆಲವರಿರುವುದರಿಂದ ಇದನ್ನು ಇಲ್ಲಿ ಬರೆದೆವು.

ಮರಳಿ ಧ್ಯಾನ್ ಚಂದರ ವಿಷಯಕ್ಕೆ ಬರುವೆವು. ಯುದ್ಧದಿಂದಾಗಿ 1940ರ ಮತ್ತು 1944ರ ಕೂಟಗಳು ನಡೆಯಲೇ ಇಲ್ಲ. 1947ರಲ್ಲಿ ಪೂರ್ವ ಆಫ್ರಿಕದವರು ಭಾರತದ ತಂಡವನ್ನು ಕರೆದಾಗ, ಧ್ಯಾನ್ ಚಂದ್ ಬಾರದಿದ್ದರೆ ತಂಡವೇ ಬೇಡವೆಂದು ತಿಳಿಸಿದರಂತೆ. ನಲವತ್ತೆರಡನೆಯ ವಯಸ್ಸಿನಲ್ಲಿ ಹೋಗಿ 22 ಪಂದ್ಯಗಳಲ್ಲಿ 61 ಗೋಲುಗಳನ್ನು ಹೊಡೆದು ಬಂದರು. ಮರುವರ್ಷದ ಹೊತ್ತಿಗೆ ದೊಡ್ಡ ಪಂದ್ಯಗಳಿಂದ ನಿವೃತ್ತರಾದರು. 1952ರಲ್ಲಿ ಮದರಾಸಿನಿಂದ ಅವರ ಆತ್ಮಚರಿತ್ರೆಯು ಗೋಲ್ ಎಂಬ ಹೆಸರಿನಿಂದ ಹೊರಬಂದಿತು. 1956ರಲ್ಲಿ ಸೈನ್ಯದಿಂದ ನಿವೃತ್ತರಾದರು. ಆ ವರ್ಷವೇ ಪದ್ಮಭೂಷಣ ಬಂದಿತು. ಬಳಿಕ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಶಿಕ್ಷಣ ಸಂಸ್ಥೆಯಲ್ಲಿ ಹಾಕಿಯ ಮುಖ್ಯ ಶಿಕ್ಷಕರಾಗಿದ್ದು, ತರುಣರಿಗೆ ಕಲಿಸಿದರು.

ಇಷ್ಟು ಪಂದ್ಯಗಳನ್ನು ಆಡಿದವರು ಯಾವುದನ್ನು ತಮ್ಮ ಶ್ರೇಷ್ಠ ಪಂದ್ಯವೆಂದು ಎಣಿಸಿದರು? ಬರ್ಲಿನ್ನಿನದನ್ನಲ್ಲ, ಲಾಸ್ ಏಂಜಲಿಸಿನದನ್ನೂ ಅಲ್ಲ. 1933ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬೇಟನ್ ಕಪ್ಪಿನ ಕೊನೆಯ ಪಂದ್ಯವನ್ನು ಅವರು ಹೆಸರಿಸಿದರು. ಅದರಲ್ಲಿ ತಮ್ಮೂರಿನ ಝಾನ್ಸಿ ಹೀರೋಸ್ ತಂಡದ ಪರವಾಗಿ, ಆಗಿನ ಬಲಿಷ್ಠ ತಂಡವಾದ ಕಲ್ಕತ್ತಾ ಕಸ್ಟಮ್ಸಿನ ಎದುರು ಅವರು ಆಡಿದರು. ಕಸ್ಟಮ್ಸಿನವರು ಪಟ್ಟುಬಿಡದೆ ಮೇಲೇರಿ ಬರುತ್ತಿದ್ದರು. ಒಂದು ಸಲ ಚೆಂಡು ಕೈಸೇರಿದಾಗ ಧ್ಯಾನ್ ಚಂದರು ತಾವು ಓಡದೆ ಅದನ್ನು ಉದ್ದಕ್ಕೆ ಇಸ್ಮಾಯಿಲ್ ಎಂಬ ಜೊತೆಗಾರನಿಗೆ ಕಳುಹಿಸಿದರು. ಇಸ್ಮಾಯಿಲರು ಅರ್ಧ ಮೈದಾನವನ್ನು ಒಂದೇ ಓಟಕ್ಕೆ ದಾಟಿ ಗೋಲು ಹೊಡೆದರು. ಆ ಪಂದ್ಯದಲ್ಲಿ ಆದುದು ಅದೊಂದೇ ಗೋಲು. ಆಗಿನ ಲೆಕ್ಕದ ಪುಸ್ತಕದಲ್ಲಿ ಅಲ್ಲಿ ಧ್ಯಾನ್ ಚಂದರ ಹೆಸರಿಗೆ ಏನೂ ಇಲ್ಲ.

ಅವರ ಮಗ ಅಶೋಕ ಕುಮಾರರೂ ಮುಂಚೂಣಿಯ ಆಟಗಾರರಾದರು. 1975ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಪಾಕಿಸ್ತಾನದ ಮೇಲೆ ಭಾರತಕ್ಕೆ 2–1ರ ಜಯವನ್ನು ತಂದ ಗೋಲು ಅವರದೇ. ಆ ತಂಡದ ಮುಂಚೂಣಿಯಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದರೂ ಇದ್ದರು. ಈ ಜಯವನ್ನು ಕಾಣುವ ಭಾಗ್ಯವು ಅವಳಿಗಳಿಬ್ಬರಿಗೂ ಇತ್ತು. ಎರಡು ವರ್ಷಗಳ ಮೇಲೆ, 1977ರ ಡಿಸೆಂಬರಿನಲ್ಲಿ, ರೂಪ್ ಸಿಂಗರು ತೀರಿಕೊಂಡರು. ಅವರ ಹೆಸರಿನ ಮೈದಾನವೊಂದು ಗ್ವಾಲಿಯರಿನಲ್ಲಿದೆ. ಆದರೆ ಅದು ಕ್ರಿಕೆಟ್ಟಿನ ಮೈದಾನ. ಅಣ್ಣನ ಹೆಸರನ್ನು ದಿಲ್ಲಿಯ ರಾಷ್ಟ್ರೀಯ ಕ್ರೀಡಾಂಗಣಕ್ಕೆ 2002ರಲ್ಲಿಯೂ, ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಯಾದ ಖೇಲ್ ರತ್ನಕ್ಕೆ 2021ರಲ್ಲಿಯೂ ಇಟ್ಟರು; ಅವರು ಹುಟ್ಟಿದ ಆಗಸ್ಟ್ 29ನ್ನು ರಾಷ್ಟ್ರೀಯ ಕ್ರೀಡಾ ದಿನವೆಂದು ನಮ್ಮ ಶಾಲೆಯಲ್ಲಿಯೂ ಆಚರಿಸುತ್ತೇವೆ.

ಧ್ಯಾನ್ ಚಂದರು ಯಕೃತ್ತಿನ ಅರ್ಬುದ ರೋಗಕ್ಕೆ ಗುರಿಯಾಗಿ, 1979ರ ಡಿಸೆಂಬರ್ 3ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಶರೀರವನ್ನು ಝಾನ್ಸಿಗೆ ಒಯ್ದರು. ಉತ್ತರಕ್ರಿಯೆಯು ಊರ ಸ್ಮಶಾನದಲ್ಲಿ ನಡೆಯಲಿಲ್ಲ. ತಾವೂ ರೂಪ್ ಸಿಂಗರೂ ಇಸ್ಮಾಯಿಲರೂ ಆಡಿದ ಝಾನ್ಸಿ ಹೀರೋಸ್ ತಂಡದ ಆಟದ ಬಯಲಿನಲ್ಲಿಯೇ ಅವರ ಚಿತೆಯನ್ನು ಕಟ್ಟಿದರು.